ತ್ರಿವೇಣಿ (ಕಾದಂಬರಿಕಾರ್ತಿ)

ತ್ರಿವೇಣಿ (ಸೆಪ್ಟೆಂಬರ್ 1, 1928 – ಜುಲೈ 29, 1963) ಕನ್ನಡದ ಕಾದಂಬರಿಕಾರ್ತಿ ಹಾಗೂ ಕಥೆಗಾರ್ತಿ. ಇವರ ಹೆಸರು ಅನಸೂಯಾ ಶಂಕರ್. ತ್ರಿವೇಣಿ ಎಂಬುದು ಕಾವ್ಯನಾಮ. ಮಂಡ್ಯದಲ್ಲಿ ಹುಟ್ಟಿ ಮೈಸೂರಿನಲ್ಲಿ ಬಾಳಿದ ಇವರು ಸುಮಾರು ಹತ್ತು ವರ್ಷಗಳ ಬರೆವಣಿಗೆಯ ಅವಧಿಯಲ್ಲಿ ಇಪ್ಪತ್ತರಷ್ಟು ಕಾದಂಬರಿಗಳನ್ನೂ ಮೂರು ಕಥಾಸಂಕಲನಗಳನ್ನೂ ರಚಿಸಿದರು. ಮಧ್ಯಮವರ್ಗದ ಹೆಣ್ಣುಮಕ್ಕಳ ಮನಸ್ಸಿನ ತೊಳಲಾಟ, ಮಾನಸಿಕ ಅಸ್ವಾಸ್ಥ್ಯ ಮತ್ತು ಅದರ ಬಗ್ಗೆ ಕುಟುಂಬ ತಳೆಯುವ ನಿಲುವು ಇವರ ಬರೆವಣಿಗೆಯ ಮುಖ್ಯ ವಸ್ತು. ‘ಬೆಳ್ಳಿಮೋಡ’ (1967), ‘ಹಣ್ಣೆಲೆ ಚಿಗುರಿದಾಗ’ (1968), ‘ಶರಪಂಜರ’ (1971) ಮೊದಲಾದ ಚಲನಚಿತ್ರಗಳಿಗೆ ಇವರ ಕಾದಂಬರಿಗಳೇ ಆಧಾರ. ಈ ಚಿತ್ರಗಳೆಲ್ಲವೂ ಲೇಖಕಿಯ ಮರಣದ ನಂತರ ತೆರೆಕಂಡವು. ಇಂದು ಅನೇಕರು ತ್ರಿವೇಣಿಯವರನ್ನು ಅರಿಯುವುದು ಪುಸ್ತಕಗಳ ಮೂಲಕವಲ್ಲ, ಈ ಚಿತ್ರಗಳ ಮೂಲಕ. ಹೀಗಾಗಿ ಚಿತ್ರಗಳ ಕುರಿತ ಮೆಚ್ಚುಗೆ, ಆಕ್ಷೇಪಗಳೆರಡೂ ಹಲವು ಸಲ ಲೇಖಕಿಯ ಮೇಲೆಯೇ ಬಿದ್ದಿವೆ.

ಜನನ ಮತ್ತು ಶಿಕ್ಷಣ

ತ್ರಿವೇಣಿಯವರು ಬಿ.ಎಂ. ಕೃಷ್ಣಸ್ವಾಮಿ ಮತ್ತು ತಂಗಮ್ಮ ದಂಪತಿಗಳ ಮಗಳಾಗಿ ಮಂಡ್ಯದಲ್ಲಿ ಜನಿಸಿದರು. ಹುಟ್ಟಿದಾಗ ಇಟ್ಟ ಹೆಸರು ಭಾಗೀರಥಿ. ಶಾಲೆಗೆ ಸೇರಿಸುವಾಗ ಅನಸೂಯಾ ಎಂದಾಯಿತು. ಆಗ ಮಂಡ್ಯ ಜಿಲ್ಲಾಕೇಂದ್ರವಾಗಿರಲಿಲ್ಲ. ಮೈಸೂರು ಜಿಲ್ಲೆಗೆ ಸೇರಿದ, ಬೆಂಗಳೂರು–ಮೈಸೂರು ರೈಲುಮಾರ್ಗದ ಒಂದು ಊರಾಗಿತ್ತು. ಮದ್ದೂರು, ಮಳವಳ್ಳಿ, ಶ್ರೀರಂಗಪಟ್ಟಣ, ನಾಗಮಂಗಲ ಮೊದಲಾದ ತಾಲ್ಲೂಕುಗಳನ್ನು ಕೂಡಿಸಿ 1939ರಲ್ಲಿ ಮಂಡ್ಯ ಜಿಲ್ಲೆಯನ್ನು ರಚಿಸಿದಾಗ ಅವರಿಗೆ ಹನ್ನೊಂದು ತುಂಬುತ್ತಿತ್ತು. ಕೃಷ್ಣರಾಜಸಾಗರದ ನೀರು, ಕಬ್ಬಿನ ಬೇಸಾಯ ಮತ್ತು ಸಕ್ಕರೆ ಕಾರ್ಖಾನೆ ಆ ಸೀಮೆಯ ಬದುಕನ್ನು ಬದಲಿಸುತ್ತಿದ್ದ ವರ್ಷಗಳವು. ಆದರೆ ತ್ರಿವೇಣಿಯವರ ಕಾದಂಬರಿಗಳಲ್ಲಿ ಗದ್ದೆ ಬಯಲಿನ ಮಂಡ್ಯ ಅಷ್ಟಾಗಿ ಕಾಣಿಸುವುದಿಲ್ಲ. ಅವರ ಲೋಕ ಊರಿನ ಬೀದಿಗಿಂತ ಮನೆಯ ನಡುಮನೆ, ಅಡುಗೆಮನೆ, ಮಲಗುವ ಕೋಣೆಗಳಲ್ಲಿ ನೆಲೆಸಿದೆ.

ಕನ್ನಡ ಸಾಹಿತ್ಯದಲ್ಲಿ ಹೆಸರಾದ ಮನೆತನ ಇವರದು. ನವೋದಯದ ಆಚಾರ್ಯರೆನಿಸಿದ ಬಿ.ಎಂ. ಶ್ರೀಕಂಠಯ್ಯನವರು ಇವರಿಗೆ ದೊಡ್ಡಪ್ಪ. ಅವರ ಮನೆತನದ ಮೂಲ ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ‘ಶುಭಮಂಗಳ’, ‘ಎರಡು ಕನಸು’ ಕಾದಂಬರಿಗಳ ಲೇಖಕಿ, ಶ್ರೀರಂಗಪಟ್ಟಣದಲ್ಲಿ ಹುಟ್ಟಿದ ವಾಣಿ (ಬಿ.ಎನ್. ಸುಬ್ಬಮ್ಮ) ಇದೇ ಬಳಗದವರು. ವಾಣಿಯವರ ಈ ಎರಡು ಕೃತಿಗಳೂ 1970ರ ದಶಕದಲ್ಲಿ ಚಲನಚಿತ್ರಗಳಾಗಿ ಜನಪ್ರಿಯವಾದವು.

ತ್ರಿವೇಣಿಯವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿ 1947ರಲ್ಲಿ ಬಿ.ಎ. ಪದವಿ ಪಡೆದರು. ಮನಶ್ಶಾಸ್ತ್ರದಲ್ಲಿ ಚಿನ್ನದ ಪದಕ ಗಳಿಸಿದರು. ಆ ಕಾಲೇಜಿನ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದವರು, ಮೈಸೂರಿನಲ್ಲಿ ‘ಆಕಾಶವಾಣಿ’ ಬಾನುಲಿ ಕೇಂದ್ರವನ್ನು ಆರಂಭಿಸಿದ ಎಂ.ವಿ. ಗೋಪಾಲಸ್ವಾಮಿ. ಪದವಿ ತರಗತಿಯಲ್ಲಿ ಕಲಿತ ಈ ವಿಷಯವೇ ಮುಂದೆ ತ್ರಿವೇಣಿಯವರ ಕಾದಂಬರಿಗಳ ಬೆನ್ನೆಲುಬಾಯಿತು. ಇಂಗ್ಲಿಷ್ ಅಧ್ಯಾಪಕರಾಗಿದ್ದ ಎಸ್.ಎನ್. ಶಂಕರ್ ಅವರನ್ನು ವಿವಾಹವಾಗಿ ಮೈಸೂರಿನಲ್ಲಿ ನೆಲೆಸಿದರು.

ಬರೆವಣಿಗೆ

ತ್ರಿವೇಣಿಯವರ ಕಾದಂಬರಿಗಳು 1953ರ ಸುಮಾರಿನಿಂದ ಪ್ರಕಟವಾಗತೊಡಗಿದವು. ‘ಅಪಸ್ವರ’ ಮತ್ತು ಅದರ ಮುಂದುವರಿದ ಭಾಗವಾದ ‘ಅಪಜಯ’ ಮೊದಲ ಹಂತದ ಕೃತಿಗಳು. ‘ಅವಳ ಮನೆ’ ಕಾದಂಬರಿಗೆ 1960ರಲ್ಲಿ ರಾಜ್ಯ ಪ್ರಶಸ್ತಿಯೂ ‘ಸಮಸ್ಯೆಯ ಮಗು’ ಕಥಾಸಂಕಲನಕ್ಕೆ ದೇವರಾಜ ಬಹದ್ದೂರ್ ಬಹುಮಾನವೂ ದೊರೆತವು. ಮಲೆನಾಡಿನ ಬದುಕನ್ನು ಬರೆದ ಎಂ.ಕೆ. ಇಂದಿರಾ ಅವರನ್ನು ಕಾದಂಬರಿ ರಚನೆಗೆ ಹುರಿದುಂಬಿಸಿದವರಲ್ಲಿ ತ್ರಿವೇಣಿಯವರೂ ಒಬ್ಬರು. ಇಂದಿರಾ ಬರೆಯಲು ತೊಡಗಿದ್ದು ನಡುವಯಸ್ಸಿನಲ್ಲಿ. ತಮಗಿಂತ ಹಿರಿಯರಾದವರಿಗೆ ಧೈರ್ಯ ತುಂಬುವಷ್ಟು ಹೆಸರನ್ನು ತ್ರಿವೇಣಿ ಆ ವೇಳೆಗೆ ಸಂಪಾದಿಸಿದ್ದರೆಂಬುದು ಇದರಿಂದ ತಿಳಿಯುತ್ತದೆ.

ಅವರ ಕಾದಂಬರಿಗಳು ಗಾತ್ರದಲ್ಲಿ ಚಿಕ್ಕವು. ಕಥೆ ಹೆಚ್ಚಾಗಿ ಸಂಭಾಷಣೆಯಲ್ಲೇ ಸಾಗುತ್ತದೆ. ವರ್ಣನೆ ಕಡಿಮೆ, ಪಾತ್ರಗಳು ನಾಲ್ಕೈದು. ಒಂದೇ ಮನೆಯ ಒಂದು ಬಿಕ್ಕಟ್ಟನ್ನು ಎತ್ತಿಕೊಂಡು ಅದು ಹೆಣ್ಣೊಬ್ಬಳ ಮನಸ್ಸಿನಲ್ಲಿ ಹೇಗೆ ಬೆಳೆಯುತ್ತದೆ ಎಂಬುದನ್ನು ಹೆಜ್ಜೆಹೆಜ್ಜೆಯಾಗಿ ತೋರಿಸುವುದು ಅವರ ಕ್ರಮ. ‘ಬೆಕ್ಕಿನ ಕಣ್ಣು’, ‘ಶರಪಂಜರ’ದಂಥ ಕೃತಿಗಳಲ್ಲಿ ಈ ಬಿಕ್ಕಟ್ಟು ಮನೋರೋಗದವರೆಗೆ ಹೋಗುತ್ತದೆ. ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ (ಇಂದಿನ ನಿಮ್ಹಾನ್ಸ್‌ನ ಹಿಂದಿನ ರೂಪ) ಆರಂಭವಾದದ್ದೇ 1954ರಲ್ಲಿ. ಹುಚ್ಚು ಎಂಬ ಒಂದೇ ಮಾತಿನಲ್ಲಿ ಎಲ್ಲ ಬಗೆಯ ಮಾನಸಿಕ ತೊಂದರೆಗಳನ್ನೂ ಮುಚ್ಚಿಹಾಕುತ್ತಿದ್ದ ಸಮಾಜದಲ್ಲಿ, ಅದು ಕಾರಣಗಳುಳ್ಳ, ಚಿಕಿತ್ಸೆಯುಳ್ಳ ಕಾಯಿಲೆ ಎಂಬ ಅರಿವನ್ನು ಸಾಮಾನ್ಯ ಓದುಗರಿಗೆ ತಲುಪಿಸಿದ ಮೊದಲಿಗರಲ್ಲಿ ತ್ರಿವೇಣಿ ಸೇರುತ್ತಾರೆ.

ನಿಧನ

ಹೆಣ್ಣುಮಗುವಿಗೆ ಜನ್ಮವಿತ್ತ ಕೆಲವೇ ದಿನಗಳಲ್ಲಿ, 1963ರ ಜುಲೈ 29ರಂದು ತ್ರಿವೇಣಿಯವರು ತೀರಿಕೊಂಡರು. ಆಗ ಅವರಿಗೆ ಮೂವತ್ತೈದು ವರ್ಷವೂ ತುಂಬಿರಲಿಲ್ಲ. ಬಾಣಂತಿಯ ಸಂಕಟವನ್ನು ‘ಶರಪಂಜರ’ದಲ್ಲಿ ಬರೆದ ಲೇಖಕಿ ಬಾಣಂತನದಲ್ಲೇ ಅಗಲಿದ್ದರಿಂದ, ಕಾದಂಬರಿಯನ್ನು ಆತ್ಮಕಥೆಯೆಂಬಂತೆ ಓದುವ ರೂಢಿ ಕೆಲವರಲ್ಲಿದೆ. ಅದಕ್ಕೆ ಆಧಾರವಿಲ್ಲ. ಕಾದಂಬರಿಯ ಕಾವೇರಿಯನ್ನು ಕಾಡುವುದು ಮನಸ್ಸಿನ ರೋಗ. ಲೇಖಕಿಯ ಸಾವಿಗೆ ಕಾರಣವಾದದ್ದು ಹೆರಿಗೆಯ ಬಳಿಕ ದೇಹಕ್ಕೆ ಎರಗಿದ ಆಪತ್ತು.

ಕಾದಂಬರಿಗಳಿಂದ ಚಲನಚಿತ್ರಗಳಿಗೆ

ತ್ರಿವೇಣಿಯವರು ಬರೆಯುತ್ತಿದ್ದ ಕಾಲದ ಕನ್ನಡ ಚಿತ್ರರಂಗದಲ್ಲಿ ಪೌರಾಣಿಕ, ಭಕ್ತಿಪ್ರಧಾನ ಮತ್ತು ಜಾನಪದ ಕಥೆಗಳೇ ಮೇಲುಗೈ ಪಡೆದಿದ್ದವು. ಸಾಮಾಜಿಕ ಕಾದಂಬರಿಗಳನ್ನು ತೆರೆಗೆ ತರುವ ಪ್ರಯತ್ನ ಆಗಷ್ಟೇ ಚಿಗುರುತ್ತಿತ್ತು. ಕೃಷ್ಣಮೂರ್ತಿ ಪುರಾಣಿಕರ ‘ಧರ್ಮದೇವತೆ’ 1962ರಲ್ಲಿ ‘ಕರುಣೆಯೇ ಕುಟುಂಬದ ಕಣ್ಣು’ ಎಂಬ ಚಿತ್ರವಾಯಿತು, ತ.ರಾ.ಸು. ಅವರ ‘ಚಂದವಳ್ಳಿಯ ತೋಟ’ 1964ರಲ್ಲಿ ತೆರೆಗೆ ಬಂದಿತು. ಹೀಗೆ ದಾರಿ ಮೊದಲೇ ತೆರೆದಿತ್ತಾದರೂ, ಹೆಣ್ಣಿನ ಮನಸ್ಸನ್ನೇ ಕಥೆಯ ಕೇಂದ್ರವಾಗಿಟ್ಟ ಚಿತ್ರಗಳು ಜನರ ಮನ್ನಣೆ ಗಳಿಸಿದ್ದು ತ್ರಿವೇಣಿಯವರ ಕೃತಿಗಳು ತೆರೆಗೆ ಬಂದಮೇಲೆ.

ಅವರ ಕಾದಂಬರಿಯೊಂದು ಮೊದಲು ಚಿತ್ರವಾದದ್ದು ಕನ್ನಡದಲ್ಲಲ್ಲ, ಮಲಯಾಳಂನಲ್ಲಿ. ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನವರಾದ ಪುಟ್ಟಣ್ಣ ಕಣಗಾಲ್, ಬಿ.ಆರ್. ಪಂತುಲು ಅವರ ಬಳಿ ಸಹಾಯಕರಾಗಿ ಪಳಗಿ, ಆರಂಭದಲ್ಲಿ ಮಲಯಾಳಂ ಚಿತ್ರಗಳನ್ನು ನಿರ್ದೇಶಿಸುತ್ತಿದ್ದರು. ‘ಬೆಕ್ಕಿನ ಕಣ್ಣು’ ಕಾದಂಬರಿಯನ್ನು ಅವರು ‘ಪೂಚಕ್ಕಣ್ಣಿ’ (1966) ಎಂಬ ಹೆಸರಿನಲ್ಲಿ ತೆರೆಗೆ ತಂದರು. ಮರುವರ್ಷ ಕನ್ನಡದಲ್ಲಿ ಸ್ವತಂತ್ರ ನಿರ್ದೇಶಕರಾದಾಗಲೂ ಅವರು ಆರಿಸಿಕೊಂಡದ್ದು ತ್ರಿವೇಣಿಯವರ ಕಥೆಯನ್ನೇ.

ಬೆಳ್ಳಿಮೋಡ

‘ಬೆಳ್ಳಿಮೋಡ’ದ ಕಥೆ ಸರಳ. ಸಿರಿವಂತ ತೋಟದ ಮಾಲೀಕರ ಒಬ್ಬಳೇ ಮಗಳು ಇಂದಿರಾ. ಅವಳನ್ನು ಮದುವೆಯಾಗಲಿರುವ ಮೋಹನ, ಮಾವನಾಗಲಿರುವವರ ಹಣದಲ್ಲೇ ವಿದೇಶಕ್ಕೆ ಹೋಗಿ ಓದಿ ಬರುತ್ತಾನೆ. ಅಷ್ಟರಲ್ಲಿ ಇಂದಿರೆಗೆ ಒಬ್ಬ ತಮ್ಮ ಹುಟ್ಟಿರುತ್ತಾನೆ. ಆಸ್ತಿ ಇನ್ನು ಅವಳೊಬ್ಬಳದಲ್ಲ. ಮೋಹನ ಮದುವೆಯಿಂದ ಹಿಂದೆ ಸರಿಯುತ್ತಾನೆ. ಮುಂದೆ ಅವನು ಗಾಯಗೊಂಡಾಗ ಅವಳೇ ಶುಶ್ರೂಷೆ ಮಾಡುತ್ತಾಳೆ. ಅವನ ಮನಸ್ಸು ತಿರುಗುತ್ತದೆ. ಅವಳ ಮನಸ್ಸು ತಿರುಗುವುದಿಲ್ಲ. ಕ್ಷಮೆ ಮತ್ತು ಮದುವೆಯಲ್ಲಿ ಮುಗಿಯಬೇಕಾದ ಕಥೆಯನ್ನು ನಿರಾಕರಣೆಯಲ್ಲಿ ಮುಗಿಸುವ ಧೈರ್ಯ ಕಾದಂಬರಿಯದು. ಚಿತ್ರ ಅದನ್ನು ಬದಲಿಸದೆ ಉಳಿಸಿಕೊಂಡಿತು.

ಕಲ್ಪನಾ, ಕಲ್ಯಾಣ್ ಕುಮಾರ್, ಕೆ.ಎಸ್. ಅಶ್ವಥ್, ಪಂಢರಿಬಾಯಿ ಮುಖ್ಯ ಪಾತ್ರಗಳಲ್ಲಿದ್ದಾರೆ. ಸಂಗೀತ ವಿಜಯಭಾಸ್ಕರ್ ಅವರದು. ಸ್ಟುಡಿಯೊ ಸೆಟ್ಟುಗಳೇ ಮನೆ, ಊರು, ಕಾಡು ಎಲ್ಲವೂ ಆಗುತ್ತಿದ್ದ ದಿನಗಳಲ್ಲಿ ಈ ಚಿತ್ರ ಚಿಕ್ಕಮಗಳೂರಿನ ಗುಡ್ಡಗಳಿಗೆ ಹೋಯಿತು. ದ.ರಾ. ಬೇಂದ್ರೆಯವರ ಕವಿತೆಯೊಂದನ್ನು ಹಾಡಾಗಿ ಅಳವಡಿಸಿದ್ದೂ ಮೆಚ್ಚುಗೆ ಪಡೆಯಿತು. ಇವೆರಡೂ ನಿರ್ದೇಶಕರ ಕೊಡುಗೆಗಳು. ಚಿತ್ರದ ಹಾಡುಗಳಿಗೂ ಲೇಖಕಿಗೂ ಸಂಬಂಧವಿಲ್ಲ ಎಂಬುದನ್ನು ಇಲ್ಲಿ ಹೇಳಬೇಕಾಗಿದೆ, ಗೊಂದಲ ಸಾಮಾನ್ಯವಾಗಿದೆ. ಮೋಡ, ಮಂಜು, ಬೆಟ್ಟಗಳ ಸೊಬಗಿನಲ್ಲಿ ಆಸ್ತಿ ಮತ್ತು ಮದುವೆಯ ಲೆಕ್ಕಾಚಾರ ಸ್ವಲ್ಪ ಮಸುಕಾಗುತ್ತದೆ ಎಂಬುದು ಚಿತ್ರದ ಮೇಲಿನ ನ್ಯಾಯವಾದ ಆಕ್ಷೇಪ. ಕಾದಂಬರಿಯಲ್ಲಿ ಆ ಲೆಕ್ಕಾಚಾರ ಇನ್ನೂ ಒಣದಾಗಿ, ಇನ್ನೂ ಕಟುವಾಗಿ ಕಾಣುತ್ತದೆ.

ಹಣ್ಣೆಲೆ ಚಿಗುರಿದಾಗ

ಎಂ.ಆರ್. ವಿಠಲ್ ನಿರ್ದೇಶನದ ಈ ಚಿತ್ರದಲ್ಲಿ ರಾಜ್‌ಕುಮಾರ್, ಕಲ್ಪನಾ, ಆರ್. ನಾಗೇಂದ್ರರಾಯರು ನಟಿಸಿದ್ದಾರೆ. ಸಂಗೀತ ಎಂ. ರಂಗರಾವ್ ಅವರದು. ಎಳೆಯ ವಯಸ್ಸಿನ ವಿಧವೆಯ ಮರುಮದುವೆ ಕಥೆಯ ಪ್ರಶ್ನೆ. ಸಂಪ್ರದಾಯಸ್ಥ ತಂದೆಯೇ ಆ ಪ್ರಶ್ನೆಯನ್ನು ಎದುರಿಸಬೇಕಾದವರು. ಮುಂಚೂಣಿಯ ನಾಯಕನಟರಿದ್ದರೂ ಚಿತ್ರದ ಭಾರವನ್ನು ಹೊತ್ತವರು ನಾಗೇಂದ್ರರಾಯರು ಎಂದರೆ ತಪ್ಪಾಗದು.

ಇದೇ ವಸ್ತುವನ್ನು ಮುಂದೆ ಬಂದ ಎರಡು ಹೆಸರಾಂತ ಚಿತ್ರಗಳ ಜೊತೆಗಿಟ್ಟು ನೋಡುವುದು ಉಪಯುಕ್ತ. ಯು.ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿದ ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಮತ್ತು ಎಂ.ಕೆ. ಇಂದಿರಾ ಅವರ ಕಾದಂಬರಿಯನ್ನು ಆಧರಿಸಿದ ಪ್ರೇಮಾ ಕಾರಂತರ ‘ಫಣಿಯಮ್ಮ’ (1983) ವಿಧವೆಯ ಬದುಕನ್ನು ನಿರ್ದಾಕ್ಷಿಣ್ಯವಾಗಿ ಕಾಣಿಸಿದ ಚಿತ್ರಗಳು. ವಿಮರ್ಶಕರ ಪಟ್ಟಿಗಳಲ್ಲಿ ಇವೆರಡೂ ಇರುತ್ತವೆ; ‘ಹಣ್ಣೆಲೆ ಚಿಗುರಿದಾಗ’ ಅಷ್ಟಾಗಿ ಇರುವುದಿಲ್ಲ. ಕಲೆಯ ದೃಷ್ಟಿಯಿಂದ ಈ ತೀರ್ಪು ಸರಿಯೇ. ಆದರೆ ಆ ಎರಡು ಚಿತ್ರಗಳು ತಲುಪಿದ ಪ್ರೇಕ್ಷಕವರ್ಗ ಸೀಮಿತ. ದೊಡ್ಡ ನಗರಗಳಲ್ಲಿ ಓಡಿದ ಮೇಲೆ ಚಿತ್ರದ ಪ್ರತಿಗಳು ಸಣ್ಣ ಊರುಗಳಿಗೂ ಟೂರಿಂಗ್ ಟಾಕೀಸುಗಳಿಗೂ ಹೋಗುತ್ತಿದ್ದ ಕಾಲದಲ್ಲಿ, ಮಂಡ್ಯ, ಮದ್ದೂರು, ಮಳವಳ್ಳಿಯಂಥ ಊರುಗಳ ಹೆಂಗಸರ ಮುಂದೆ ವಿಧವಾವಿವಾಹದ ಪ್ರಶ್ನೆಯನ್ನು ಇಡಬಲ್ಲದ್ದು ರಾಜ್‌ಕುಮಾರ್ ಚಿತ್ರವೇ ಆಗಿತ್ತು.

ಶರಪಂಜರ

ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ‘ಶರಪಂಜರ’ ತ್ರಿವೇಣಿಯವರ ಹೆಸರಿನೊಡನೆ ಬೇರ್ಪಡಿಸಲಾಗದಂತೆ ಸೇರಿಕೊಂಡಿರುವ ಚಿತ್ರ. ಮೆಚ್ಚಿ ಮದುವೆಯಾದ ಕಾವೇರಿ ಮತ್ತು ಸತೀಶರದು ಸುಖಸಂಸಾರ. ಎರಡನೆಯ ಹೆರಿಗೆಯ ಬಳಿಕ ಕಾವೇರಿಯ ಮನಸ್ಸು ಕದಡುತ್ತದೆ. ಮದುವೆಗೆ ಮುಂಚಿನ, ಯಾರಿಗೂ ಹೇಳದೆ ಅದುಮಿಟ್ಟ ಕಹಿ ಘಟನೆಯೊಂದು ಮೇಲೆದ್ದು ಬರುತ್ತದೆ. ಮಾನಸಿಕ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಗುಣವಾಗಿ ಅವಳು ಮನೆಗೆ ಮರಳುತ್ತಾಳೆ. ನಿಜವಾದ ಕಥೆ ಆರಂಭವಾಗುವುದು ಇಲ್ಲಿಂದ. ನೆರೆಹೊರೆಯವರೂ ಮನೆಯ ಆಳುಕಾಳುಗಳೂ ಅವಳನ್ನು ಹುಚ್ಚಿಯೆಂದೇ ನೋಡುತ್ತಾರೆ. ಗಂಡ ದೂರವಾಗುತ್ತಾನೆ, ಅವನಿಗೆ ಇನ್ನೊಬ್ಬ ಹೆಣ್ಣಿನ ಸಂಬಂಧವಿರುವುದು ತಿಳಿದಾಗ ಅವಳು ಮತ್ತೆ ಕುಸಿಯುತ್ತಾಳೆ. ವೈದ್ಯರು ವಾಸಿಮಾಡಿದ್ದನ್ನು ಮನೆ ಕೆಡಿಸುತ್ತದೆ. ಹೆಂಡತಿಯ ಒಂದು ಹಳೆಯ ಗಾಯವನ್ನು ಕ್ಷಮಿಸಲಾರದ ಗಂಡ, ತನ್ನ ಇಂದಿನ ನಡತೆಗೆ ಯಾವ ಕ್ಷಮೆಯನ್ನೂ ಕೇಳಬೇಕಾಗಿಲ್ಲ ಎಂದು ಭಾವಿಸುತ್ತಾನೆ.

ಕಾವೇರಿಯಾಗಿ ಕಲ್ಪನಾ, ಸತೀಶನಾಗಿ ಗಂಗಾಧರ್ ನಟಿಸಿದ್ದಾರೆ. ಇದಕ್ಕೂ ವಿಜಯಭಾಸ್ಕರ್ ಅವರೇ ಸಂಗೀತ ನೀಡಿದರು. ಇಲ್ಲಿಯೂ ಬೇಂದ್ರೆಯವರ ಕವಿತೆಯೊಂದಿದೆ. ಚಿತ್ರ ಭಾರಿ ಯಶಸ್ಸು ಕಂಡಿತು. ಕನ್ನಡದ ಅತ್ಯುತ್ತಮ ಚಿತ್ರಕ್ಕೆ ಸಲ್ಲುವ ರಾಷ್ಟ್ರಪ್ರಶಸ್ತಿಯೂ ಬಂದಿತು. ಕಲ್ಪನಾ ಉಟ್ಟ ಸೀರೆ, ತೊಟ್ಟ ರವಿಕೆಗಳು ಹೆಣ್ಣುಮಕ್ಕಳಲ್ಲಿ ಹೊಸ ಒಲವನ್ನೇ ಹುಟ್ಟಿಸಿದವು. ಮನೋರೋಗದ ಕುರಿತ ಚಿತ್ರವೊಂದು ಉಡುಪಿನ ಮಾದರಿಯಾಗಿಯೂ ನೆನಪಿನಲ್ಲಿ ಉಳಿದದ್ದು ವಿಚಿತ್ರವೆನಿಸಬಹುದು. ಜನಪ್ರಿಯ ಸಿನಿಮಾ ಕೆಲಸಮಾಡುವ ರೀತಿಯೇ ಹಾಗೆ. 1974ರಲ್ಲಿ ಇದು ವಾಣಿಶ್ರೀ ನಾಯಕಿಯಾಗಿದ್ದ ‘ಕೃಷ್ಣವೇಣಿ’ ಎಂಬ ಹೆಸರಿನಲ್ಲಿ ತೆಲುಗಿಗೆ ಹೋಯಿತು.

ಇತರ ಚಿತ್ರಗಳು

‘ಮುಕ್ತಿ’ ಮತ್ತು ‘ಕಂಕಣ’ ಕಾದಂಬರಿಗಳೂ 1970ರ ದಶಕದಲ್ಲಿ ಚಿತ್ರಗಳಾದವು. ಲೇಖಕಿ ತೀರಿಕೊಂಡು ಮೂವತ್ತು ವರ್ಷಗಳಾದ ಮೇಲೆ, 1993ರಲ್ಲಿ, ಎಸ್.ವಿ. ರಾಜೇಂದ್ರಸಿಂಗ್ ಬಾಬು ‘ಹೂವು ಹಣ್ಣು’ ಕಾದಂಬರಿಯನ್ನು ತೆರೆಗೆ ತಂದರು. ಮಗಳನ್ನು ಸಾಕಲು ಬೇರೆ ದಾರಿಯಿಲ್ಲದೆ ಮೈಮಾರಿಕೊಳ್ಳುವ ವಿಧವೆ ತಾಯಿಯ ಕಥೆಯಿದು. ಲಕ್ಷ್ಮಿ ತಾಯಿಯ ಪಾತ್ರದಲ್ಲಿ ನಟಿಸಿದರು. ಹಂಸಲೇಖ ಸಂಗೀತ ನೀಡಿದರು. 1950ರ ದಶಕದ ಕಥೆ 1990ರ ದಶಕದ ಪ್ರೇಕ್ಷಕರಿಗೂ ಹಳತೆನಿಸಲಿಲ್ಲ.

ವಿಮರ್ಶೆ

ತ್ರಿವೇಣಿಯವರ ಓದುಗರು ಬಹುಪಾಲು ಗ್ರಂಥಾಲಯಗಳಿಂದ, ಬಾಡಿಗೆ ಪುಸ್ತಕದಂಗಡಿಗಳಿಂದ ಕಾದಂಬರಿ ತಂದು ಓದುತ್ತಿದ್ದ ಗೃಹಿಣಿಯರು ಮತ್ತು ವಿದ್ಯಾರ್ಥಿನಿಯರು. ನವ್ಯಸಾಹಿತ್ಯದ ಪ್ರಭಾವ ಹೆಚ್ಚಿದ್ದ ದಶಕಗಳಲ್ಲಿ ಇಂಥ ಬರೆವಣಿಗೆಯನ್ನು ಜನಪ್ರಿಯ ಕಾದಂಬರಿ ಎಂಬ ವರ್ಗಕ್ಕೆ ಸೇರಿಸಿ, ಗಂಭೀರ ವಿಮರ್ಶೆಯ ಹೊರಗಿಡಲಾಗುತ್ತಿತ್ತು. ಲೇಖಕಿಯರ ಕೃತಿಗಳನ್ನು ಅಡುಗೆಮನೆ ಸಾಹಿತ್ಯವೆಂದು ಹಗುರವಾಗಿ ಕಾಣುವ ಪ್ರವೃತ್ತಿಯೂ ಇತ್ತು. ಸ್ತ್ರೀವಾದಿ ವಿಮರ್ಶೆ ಬೆಳೆದ ಮೇಲೆ ಈ ಕೃತಿಗಳ ಮರುಓದು ನಡೆಯಿತು. ಅಡುಗೆಮನೆಯೊಳಗೇ ನಡೆಯುವ ಹಿಂಸೆಯನ್ನು ಬರೆಯಲು ಅಡುಗೆಮನೆಯೊಳಗೇ ಹೋಗಬೇಕೆಂಬುದು ಆಗ ಮನವರಿಕೆಯಾಯಿತು. ಸಂದರ್ಭಗಳು ಅನುಕೂಲಕ್ಕೆ ತಕ್ಕಂತೆ ಒದಗಿಬರುತ್ತವೆ, ಮನಶ್ಶಾಸ್ತ್ರದ ವಿವರಣೆ ಕೆಲವೆಡೆ ಪಾಠದಂತಾಗುತ್ತದೆ ಎಂಬ ಆಕ್ಷೇಪಗಳಲ್ಲಿ ಹುರುಳಿಲ್ಲದಿಲ್ಲ.

ಚಿತ್ರಗಳ ವಿಮರ್ಶೆ ಬೇರೊಂದು ದಾರಿ ಹಿಡಿಯಿತು. ‘ಶರಪಂಜರ’ ತೆರೆಕಂಡ ಆಸುಪಾಸಿನಲ್ಲೇ ‘ಸಂಸ್ಕಾರ’ (1970) ಮತ್ತು ‘ವಂಶವೃಕ್ಷ’ (1971) ಬಂದು ಕನ್ನಡದಲ್ಲಿ ಹೊಸ ಅಲೆಯ ಚಿತ್ರಗಳ ಯುಗ ಆರಂಭವಾಗಿತ್ತು. ಹಾಡು, ಬಣ್ಣ, ಭಾವಾವೇಶಗಳಿಲ್ಲದ ಆ ಚಿತ್ರಗಳ ಪಕ್ಕದಲ್ಲಿ ಪುಟ್ಟಣ್ಣನವರ ಚಿತ್ರಗಳು ಅತ್ತ ಕಲಾತ್ಮಕವೂ ಅಲ್ಲದ, ಇತ್ತ ಕೇವಲ ವ್ಯಾಪಾರಿಯೂ ಅಲ್ಲದ ಸೇತುವೆಯ ಚಿತ್ರಗಳೆಂದು ಗುರುತಿಸಲ್ಪಟ್ಟವು. ಅತಿಯಾದ ಭಾವುಕತೆ, ಕಣ್ಣು ಕುಕ್ಕುವ ಬಣ್ಣ, ನಟನೆಯ ಅಬ್ಬರ ಇವು ಅವರ ಮೇಲೆ ಮತ್ತೆಮತ್ತೆ ಬಂದ ದೂರುಗಳು. ಇದಕ್ಕಿಂತ ಮುಖ್ಯವಾದ ದೂರು ಇನ್ನೊಂದಿದೆ: ರೂಢಿಯ ಎಲ್ಲೆ ಮೀರುವ ಹೆಣ್ಣು ಅವರ ಚಿತ್ರಗಳಲ್ಲಿ ಕೊನೆಗೆ ಹುಚ್ಚಿಗೋ ಸಾವಿಗೋ ಈಡಾಗುತ್ತಾಳೆ. ‘ಗೆಜ್ಜೆಪೂಜೆ’ (1969), ‘ಎಡಕಲ್ಲು ಗುಡ್ಡದ ಮೇಲೆ’ (1973) ಚಿತ್ರಗಳನ್ನು ‘ಶರಪಂಜರ’ದ ಜೊತೆಗಿಟ್ಟಾಗ ಈ ಮಾತನ್ನು ತಳ್ಳಿಹಾಕುವುದು ಕಷ್ಟ.

ಆದರೂ ಈ ಆಕ್ಷೇಪವನ್ನು ತ್ರಿವೇಣಿಯವರಿಗೆ ಹಾಗೆಯೇ ವರ್ಗಾಯಿಸಲು ಬರುವುದಿಲ್ಲ. ‘ಬೆಳ್ಳಿಮೋಡ’ದ ಇಂದಿರೆ ಶಿಕ್ಷೆಗೊಳಗಾಗುವುದಿಲ್ಲ, ಒಲ್ಲೆನೆಂದು ಹೇಳಿ ತಲೆಯೆತ್ತಿ ನಿಲ್ಲುತ್ತಾಳೆ. ಕಾವೇರಿಯ ಪತನವೂ ಅವಳ ತಪ್ಪಿಗೆ ಸಿಕ್ಕ ಫಲವೆಂದು ಚಿತ್ರಿತವಾಗಿಲ್ಲ. ಅವಳನ್ನು ಕೆಡವಿದವರು ಸುತ್ತಲಿನವರು ಎಂಬುದನ್ನು ಕಾದಂಬರಿ ಸ್ಪಷ್ಟವಾಗಿ ಹೇಳುತ್ತದೆ. ಚಿತ್ರದ ಕೊನೆಯ ಭಾಗದಲ್ಲಿ ಕಲ್ಪನಾ ಅವರ ಪ್ರಚಂಡ ಅಭಿನಯ ನೋಡುಗರ ಕಣ್ಣನ್ನು ಕಾವೇರಿಯ ಮೇಲೆಯೇ ನೆಡುವುದರಿಂದ, ತಪ್ಪಿತಸ್ಥರಾದ ಮನೆಯವರು ಹಿನ್ನೆಲೆಗೆ ಸರಿಯುತ್ತಾರೆ. ಪುಸ್ತಕದಲ್ಲಿ ಹಾಗಾಗುವುದಿಲ್ಲ, ಅಲ್ಲಿ ಓದುಗರು ಕಾವೇರಿಯನ್ನು ನೋಡುವುದಕ್ಕಿಂತ ಹೆಚ್ಚಾಗಿ ಅವಳ ಕಣ್ಣಿನಿಂದ ಉಳಿದವರನ್ನು ನೋಡುತ್ತಾರೆ. ಚಿತ್ರ ನೋಡಿದ ಮೇಲೆ ಕಾದಂಬರಿ ಓದುವವರಿಗೆ ಈ ವ್ಯತ್ಯಾಸ ಮೊದಲ ಕೆಲವು ಪುಟಗಳಲ್ಲೇ ತಿಳಿಯುತ್ತದೆ.

ಕೃತಿಗಳು

ಈಗಾಗಲೇ ಹೆಸರಿಸಿದವುಗಳಲ್ಲದೆ ‘ಕೀಲುಗೊಂಬೆ’, ‘ಸೋತು ಗೆದ್ದವಳು’, ‘ಬಾನು ಬೆಳಗಿತು’, ‘ದೂರದ ಬೆಟ್ಟ’, ‘ಕಾಶೀಯಾತ್ರೆ’, ‘ಮುಚ್ಚಿದ ಬಾಗಿಲು’, ‘ಮೊದಲ ಹೆಜ್ಜೆ’, ‘ತಾವರೆಯ ಕೊಳ’, ‘ವಸಂತಗಾನ’, ‘ಹೃದಯಗೀತೆ’ ಇವರ ಇತರ ಕಾದಂಬರಿಗಳು. ‘ಹೆಂಡತಿಯ ಹೆಸರು’, ‘ಎರಡು ಮನಸ್ಸು’, ‘ಸಮಸ್ಯೆಯ ಮಗು’ ಕಥಾಸಂಕಲನಗಳು. ಅಕಾಲ ಮರಣದಿಂದ ಅಪೂರ್ಣವಾಗಿ ಉಳಿದಿದ್ದ ‘ಅವಳ ಮಗಳು’ ಕಾದಂಬರಿಯನ್ನು ಲೇಖಕಿ ಎಂ.ಸಿ. ಪದ್ಮಾ ಪೂರ್ಣಗೊಳಿಸಿದರು.